ಮೀನಿನ ತೊಟ್ಟಿಗೂ ಹೆಪ್ಪು ಬೇಕು



ಒಂದು ಬೆಳಗನ್ನು ಕಲ್ಪಿಸಿಕೊಳ್ಳಿ. ಕಾಲೇಜಿಗೋ ಆಫೀಸಿಗೋ ಹೊರಡುವ ಅವಸರ. 8-12ರ ಲೋಕಲ್ ತಪ್ಪಬಾರದು. ಹೊರಡುವ ಮುನ್ನ ಮೀನುಗಳಿಗೆ ಒಂದು ಚಿಟಿಕೆ ಕಾಳು ಹಾಕೋಣವೆಂದು ತೊಟ್ಟಿಯ ದೀಪ ಹಚ್ಚುತ್ತೀರಿ. ನಿನ್ನೆ ರಾತ್ರಿಯವರೆಗೂ ಲವಲವಿಕೆಯಿಂದ ಓಡಾಡುತ್ತಿದ್ದ ಮೀನುಗಳೆಲ್ಲ ನೀರಿನ ಮೇಲ್ಭಾಗಕ್ಕೆ ಬಂದು, ಬಾಯಿ ತೆರೆದು ಮುಚ್ಚಿ ಏದುಸಿರು ಬಿಡುತ್ತಿವೆ. ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಗಿದೆ.

ಆಗ ನೀವೇನು ಮಾಡುತ್ತೀರಿ? ನಮ್ಮಲ್ಲಿ ಹೆಚ್ಚಿನವರಿಗೆ ತೋಚುವುದು ಒಂದೇ ಉಪಾಯ. ಮೀನುಗಳನ್ನು ಬಕೆಟ್ಟಿಗೆ ಹಾಕಿ, ತೊಟ್ಟಿಯನ್ನು ಬರಿದು ಮಾಡಿ, ಕಲ್ಲು, ಗಾಜು, ಫಿಲ್ಟರ್ ಎಲ್ಲವನ್ನೂ ತಿಕ್ಕಿ ತೊಳೆದು, ನಲ್ಲಿಯ ಹೊಸ ನೀರು ತುಂಬಿಸುವುದು. ನೋಡಲು ಇದಕ್ಕಿಂತ ಒಳ್ಳೆಯ ಕೆಲಸ ಬೇರೊಂದಿಲ್ಲ. ಮೀನಿನ ಪಾಲಿಗೆ ಇದಕ್ಕಿಂತ ಕೆಟ್ಟದ್ದು ಬೇರೊಂದಿಲ್ಲ.

ಉಪದೇಶ ಮಾಡುವ ಚಪಲದಿಂದ ಈ ಮಾತು ಬರೆಯುತ್ತಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂಬಂತೆ ಸ್ವತಃ ಉಂಡವನು ನಾನು.

ನನ್ನ ಮಗಳು ಆಗ ನಾಲ್ಕನೆಯ ತರಗತಿಯಲ್ಲಿದ್ದಳು. ಹಬ್ಬಕ್ಕೆ ಅಜ್ಜಿ, ಮಾವ ಎಲ್ಲರೂ ಕೊಟ್ಟ ದುಡ್ಡು ಕೂಡಿಟ್ಟು, ಕ್ರಾಫರ್ಡ್ ಮಾರ್ಕೆಟ್ಟಿನಿಂದ ನಾಲ್ಕು ಗೋಲ್ಡ್‌ಫಿಶ್ ತಂದಿದ್ದಳು. ಒಂದೊಂದಕ್ಕೂ ಹೆಸರಿತ್ತು. ಗಣೇಶ ಚತುರ್ಥಿಯ ಹಿಂದಿನ ದಿನ ಮನೆಯೆಲ್ಲ ತೊಳೆಯುವ ಹುರುಪಿನಲ್ಲಿ ನಾನು ತೊಟ್ಟಿಯನ್ನೂ ತೊಳೆದೆ. ಕಲ್ಲುಗಳಿಗೆ ಕುದಿನೀರು ಸುರಿದೆ, ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ಹಿಂಡಿ ಬೆಳ್ಳಗೆ ಮಾಡಿದೆ. ಹಬ್ಬಕ್ಕೆ ಬಂದವರೆಲ್ಲ "ಎಷ್ಟು ಚೆಂದ ಇಟ್ಟಿದ್ದೀರಿ" ಎಂದರು. ಮೂರನೆಯ ದಿನ ನೀರು ಬೆಳ್ಳಗಾಯಿತು, ಮೀನುಗಳು ಮೇಲೆ ಬಂದವು. ಗಾಬರಿಯಾಗಿ ಮತ್ತೊಮ್ಮೆ ಎಲ್ಲ ನೀರೂ ಬದಲಿಸಿದೆ. ವಾರ ಕಳೆಯುವಷ್ಟರಲ್ಲಿ ನಾಲ್ಕೂ ಸತ್ತವು.

"ಅಪ್ಪಾ, ನೀರು ಅಷ್ಟು ಸ್ವಚ್ಛ ಇತ್ತಲ್ಲ, ಮತ್ತೆ ಯಾಕೆ ಸತ್ತವು?" ಎಂದು ಮಗಳು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಹಬ್ಬದ ದಿನ ತಾನು ಎರಡು ಸಲ ಹೆಚ್ಚು ಕಾಳು ಹಾಕಿದ್ದೇ ಕಾರಣವಿರಬೇಕೆಂದು ಅವಳೇ ಅತ್ತಳು. ನಾನೂ "ಇರಬಹುದು" ಎಂದುಬಿಟ್ಟೆ. ಆ ಒಂದು ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಹೆಪ್ಪಿನ ಪಾಠ

ಕಾರಣ ಹುಡುಕುತ್ತಾ ಗ್ರಂಥಾಲಯದಿಂದ ಒಂದೆರಡು ಪುಸ್ತಕ ತಂದು ಓದತೊಡಗಿದೆ. ಓದಿದ್ದು ತಲೆಗೆ ಹತ್ತಿದ್ದು ಮಾತ್ರ ಅಡುಗೆಮನೆಯಲ್ಲಿ. ಒಂದು ಸಂಜೆ ಮಗಳು ಅಜ್ಜಿಗೆ ಸಹಾಯ ಮಾಡಲು ಹೋಗಿ ಮೊಸರಿನ ಪಾತ್ರೆಯನ್ನು ಥಳಥಳ ತೊಳೆದಿಟ್ಟಿದ್ದಳು. ನನ್ನ ಅಮ್ಮ ಹಣೆ ಚಚ್ಚಿಕೊಂಡರು. "ಅಯ್ಯೋ ಮಗಾ, ಹೆಪ್ಪಿಗೂ ಒಂದು ಚಮಚ ಉಳಿಸಲಿಲ್ಲವಾ? ಇನ್ನು ಹಾಲು ಮೊಸರಾಗುವುದು ಹೇಗೆ? ಮೇಲಿನ ಮನೆಯ ಕಾಕೂ ಹತ್ತಿರ ಸ್ವಲ್ಪ ವಿರಜಣ ಕೇಳಿ ತಾ, ಓಡು!"

ನಾನು ತೊಳೆದುಹಾಕಿದ್ದೂ ಅದನ್ನೇ ಎಂದು ಆಗ ಹೊಳೆಯಿತು. ಆ ಸ್ಪಂಜಿನ ಕಂದು ಲೋಳೆ ಕೊಳೆಯಲ್ಲ, ಹೆಪ್ಪು.

ಸ್ವಲ್ಪ ವಿವರಿಸುತ್ತೇನೆ. ಬೇಸಿಗೆ ರಜೆಗೆ ಊರಿಗೆ ಹೋದಾಗ ನಿಮ್ಮಲ್ಲಿ ಅನೇಕರು ಶೃಂಗೇರಿಯ ತುಂಗಾ ತೀರದಲ್ಲಿ ಮೀನುಗಳಿಗೆ ಮಂಡಕ್ಕಿ ಹಾಕಿರುತ್ತೀರಿ. ಅಲ್ಲಿ ಅಷ್ಟೊಂದು ಮೀನುಗಳ ಕಶ್ಮಲವನ್ನು ಹೊಳೆ ಹೊತ್ತುಕೊಂಡು ಹೋಗುತ್ತದೆ. ಗಾಜಿನ ತೊಟ್ಟಿಯಲ್ಲಿ ಹೊಳೆಯಿಲ್ಲ. ಮೀನು ತನ್ನ ಕಿವಿರುಗಳ ಮೂಲಕ ಸದಾ ಅಮೋನಿಯಾ ಹೊರಹಾಕುತ್ತಿರುತ್ತದೆ. ತಿನ್ನದೆ ಉಳಿದ ಕಾಳು, ಮಲ, ಕೊಳೆತ ಎಲೆ ಇವುಗಳಿಂದಲೂ ಅಮೋನಿಯಾ ಹುಟ್ಟುತ್ತದೆ. ಅದು ಮೀನಿಗೆ ಘೋರ ವಿಷ.

ಈ ವಿಷವನ್ನು ಅರಗಿಸುವವರು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೈಟ್ ಕೂಡ ವಿಷವೇ. ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಅಷ್ಟು ಅಪಾಯಕಾರಿಯಲ್ಲ, ನೀರುಗಿಡಗಳು ಅದನ್ನು ಹೀರಿಕೊಳ್ಳುತ್ತವೆ, ಉಳಿದದ್ದು ನಾವು ನೀರು ಬದಲಿಸುವಾಗ ಹೊರಹೋಗುತ್ತದೆ. ಎರಡನೆಯ ಕೆಲಸ ನೈಟ್ರೋಬ್ಯಾಕ್ಟರ್ ಎಂಬ ಜೀವಿಯದೆಂದು ಬಹುಕಾಲ ಪುಸ್ತಕಗಳಲ್ಲಿ ಬರೆಯುತ್ತಿದ್ದರು. 1998ರಲ್ಲಿ ಸಿಹಿನೀರಿನ ಅಕ್ವೇರಿಯಂಗಳನ್ನೇ ಪರೀಕ್ಷಿಸಿದ ವಿಜ್ಞಾನಿಗಳು ಅಲ್ಲಿ ದುಡಿಯುತ್ತಿರುವುದು ನೈಟ್ರೋಸ್ಪೈರಾ ಎಂದು ತೋರಿಸಿದರು. 2015ರಲ್ಲಿ, ಎರಡೂ ಕೆಲಸವನ್ನು ಒಂದೇ ಮಾಡಬಲ್ಲ ನೈಟ್ರೋಸ್ಪೈರಾಗಳೂ ಇವೆಯೆಂದು ತಿಳಿಯಿತು.

ಇಲ್ಲಿ ನೆನಪಿಡಬೇಕಾದದ್ದು ಎರಡು. ಒಂದು, ಈ ಜೀವಿಗಳು ನೀರಿನಲ್ಲಿ ತೇಲುವುದು ಕಡಿಮೆ, ಸ್ಪಂಜು, ಕಲ್ಲು, ಗಾಜುಗಳಿಗೆ ಅಂಟಿಕೊಂಡು ಬಾಳುತ್ತವೆ. ಎರಡು, ಇವು ಬೆಳೆಯುವುದು ಬಹಳ ನಿಧಾನ. ಹಾಲು ಒಂದು ರಾತ್ರಿಯಲ್ಲಿ ಹೆಪ್ಪುಗಟ್ಟುತ್ತದೆ. ಹೊಸ ತೊಟ್ಟಿ "ಹೆಪ್ಪುಗಟ್ಟಲು" ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ನಾನು ಕುದಿನೀರು, ಕ್ಲೋರಿನ್ ನೀರುಗಳಿಂದ ಒಂದೇ ಗಂಟೆಯಲ್ಲಿ ಅಷ್ಟನ್ನೂ ನಾಶ ಮಾಡಿದ್ದೆ. ಸಣ್ಣ ತೊಟ್ಟಿಗೆ ನಾಲ್ಕು ಗೋಲ್ಡ್‌ಫಿಶ್ ಹೆಚ್ಚಾಯಿತೆಂಬುದೂ ನನಗೆ ತಿಳಿದಿರಲಿಲ್ಲ. ಮಗಳ ಎರಡು ಚಿಟಿಕೆ ಕಾಳು ನೆಪ ಮಾತ್ರ.

ಮೊದಲ ಹತ್ತು ನಿಮಿಷ

ಈಗ ಆ ಬೆಳಗಿಗೆ ಮರಳೋಣ. ಮೀನುಗಳು ಏದುಸಿರು ಬಿಡುತ್ತಿವೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಫೈಟರ್, ಗೌರಾಮಿ ಜಾತಿಯ ಮೀನುಗಳು ಆಗಾಗ ಮೇಲೆ ಬಂದು ಗಾಳಿ ನುಂಗುವುದು ಅವುಗಳ ಹುಟ್ಟುಗುಣ, ಅದಕ್ಕೆ ಹೆದರಬೇಕಿಲ್ಲ. ಬೇರೆ ಮೀನುಗಳೆಲ್ಲ ಒಟ್ಟಿಗೆ ಮೇಲೆ ಬಂದರೆ ಅದು ಆಪತ್ತಿನ ಸೂಚನೆ. ಆಗ ಈ ಕ್ರಮದಲ್ಲಿ ಕೆಲಸ ಮಾಡಿ.

1. ಆಹಾರ ನಿಲ್ಲಿಸಿ. ಬೆಳೆದ ಆರೋಗ್ಯವಂತ ಮೀನು ಎರಡು ಮೂರು ದಿನ ಉಪವಾಸವಿದ್ದರೆ ಏನೂ ಆಗದು.

2. ಗಾಳಿ ಹೆಚ್ಚಿಸಿ. ಏರ್ ಪಂಪನ್ನು ಪೂರ್ತಿ ತಿರುಗಿಸಿ. ಕರೆಂಟ್ ಇಲ್ಲವೇ? ಒಂದು ಲೋಟದಲ್ಲಿ ತೊಟ್ಟಿಯ ನೀರನ್ನೇ ತೆಗೆದು ಸ್ವಲ್ಪ ಎತ್ತರದಿಂದ ಮತ್ತೆ ಮತ್ತೆ ಸುರಿಯಿರಿ, ಚಹಾ ಆರಿಸಿದ ಹಾಗೆ.

3. ಸತ್ತದ್ದು ಏನಾದರೂ ಇದೆಯೇ ನೋಡಿ. ಕಲ್ಲಿನ ಸಂದಿಯಲ್ಲಿ, ಫಿಲ್ಟರಿನ ಹಿಂದೆ ಸತ್ತ ಮೀನೋ ಬಸವನಹುಳುವೋ ಕೊಳೆಯುತ್ತಿರಬಹುದು. ಮೀನುಗಳನ್ನು ಎಣಿಸಿ, ಲೆಕ್ಕ ತಪ್ಪಿದರೆ ಹುಡುಕಿ.

4. ಮೂರನೆಯ ಒಂದು ಪಾಲು ನೀರು ಮಾತ್ರ ಬದಲಿಸಿ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 57 ಲೀಟರ್ ಹಿಡಿಸುತ್ತದೆ, ಕಲ್ಲು ಮಣ್ಣು ಕಳೆದರೆ 45 ಲೀಟರ್ ಎನ್ನಿ. ಸುಮಾರು 15 ಲೀಟರ್, ಅಂದರೆ ಒಂದು ಸ್ನಾನದ ಬಕೆಟ್ ನೀರು. ಹಾಕುವ ನೀರಿನ ಕ್ಲೋರಿನ್ ಮೊದಲು ತೆಗೆದಿರಬೇಕು. ಅದರ ಬಿಸಿ ತೊಟ್ಟಿಯ ನೀರಿನ ಬಿಸಿಯಷ್ಟೇ ಇರಬೇಕು, ಕೈಯಿಟ್ಟು ನೋಡಿದರೆ ತಿಳಿಯುತ್ತದೆ. ತಿಂಗಳುಗಟ್ಟಲೆ ನೀರನ್ನೇ ಬದಲಿಸದ ತೊಟ್ಟಿಗೆ ಈ ಕ್ರಮ ಸಲ್ಲದು, ಅದನ್ನು ಮುಂದೆ ಹೇಳುತ್ತೇನೆ.

5. ಫಿಲ್ಟರನ್ನು ಮುಟ್ಟಬೇಡಿ, ಔಷಧ ಹಾಕಬೇಡಿ. ಕಾರಣ ತಿಳಿಯದೆ ನೀಲಿ ದ್ರವವನ್ನೋ ಆ್ಯಂಟಿಬಯಾಟಿಕ್ ಪುಡಿಯನ್ನೋ ಸುರಿದರೆ ಉಳಿದಿರುವ ಹೆಪ್ಪೂ ಸಾಯಬಹುದು.

ಸಂಜೆ ಮನೆಗೆ ಬರುವಾಗ ಮೀನಿನ ಅಂಗಡಿಯಿಂದ ಹನಿ ಹಾಕಿ ಬಣ್ಣ ನೋಡುವ ಪರೀಕ್ಷಾ ಕಿಟ್ ಒಂದನ್ನು ತನ್ನಿ. ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ನೈಟ್ರೇಟ್ ಲೀಟರಿಗೆ 40 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಜ್ವರ ಬಂದಾಗ ಥರ್ಮಾಮೀಟರ್ ಇಡದೆ ಮಾತ್ರೆ ಕೊಡುತ್ತೇವೆಯೇ? ಇದೂ ಹಾಗೆಯೇ.

ಕಿಟ್ಟಿನಲ್ಲಿ ಪಿ.ಎಚ್. ಕೂಡ ನೋಡಿ. ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ, ಒಂದು ವಿಷ, ಇನ್ನೊಂದು ಬಹುಮಟ್ಟಿಗೆ ನಿರುಪದ್ರವಿ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿ.ಎಚ್. 7 ಇದ್ದರೆ ವಿಷರೂಪ ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ. ಪಿ.ಎಚ್. 8 ಆದರೆ ನೂರಕ್ಕೆ 5ಕ್ಕೂ ಹೆಚ್ಚು. ಆದ್ದರಿಂದ ಒಂದೇ ಅಂಕಿ ಒಬ್ಬರ ಮನೆಯಲ್ಲಿ ಮೀನನ್ನು ಉಳಿಸಬಹುದು, ಇನ್ನೊಬ್ಬರ ಮನೆಯಲ್ಲಿ ಕೊಲ್ಲಬಹುದು.

ನೈಟ್ರೈಟ್ ಹೆಚ್ಚಿದ್ದರೆ ಗಾಳಿ ಎಷ್ಟಿದ್ದರೂ ಮೀನು ಏದುಸಿರು ಬಿಡುತ್ತದೆ. ಅದು ರಕ್ತದೊಳಗೆ ಹೊಕ್ಕು ಆಮ್ಲಜನಕ ಹೊರುವ ಶಕ್ತಿಯನ್ನೇ ಕೆಡಿಸುತ್ತದೆ, ಕಿವಿರುಗಳು ಕಂದು ಬಣ್ಣಕ್ಕೆ ತಿರುಗುತ್ತವೆ. ಇಂಥ ವೇಳೆ 10 ಲೀಟರಿಗೆ ಒಂದು ಚಿಕ್ಕ ಚಮಚ, ಅಂದರೆ ಸುಮಾರು 5 ಗ್ರಾಂ ಕಲ್ಲುಪ್ಪನ್ನು ಕರಗಿಸಿ ಹಾಕಿದರೆ ಉಪ್ಪಿನ ಕ್ಲೋರೈಡ್ ಅಂಶ ನೈಟ್ರೈಟ್ ಒಳಹೋಗುವುದನ್ನು ತಡೆಯುತ್ತದೆ. ನೀರು ಬದಲಿಸುವುದನ್ನೂ ಜೊತೆಗೆ ಮುಂದುವರಿಸಬೇಕು.

ನೀರಿನ ಬಣ್ಣ ಹೇಳುವ ಮಾತು

ಬಿಳಿ ಮಂಜು: ಹೊಸ ತೊಟ್ಟಿಯಲ್ಲಿ, ಅತಿಯಾಗಿ ತೊಳೆದ ತೊಟ್ಟಿಯಲ್ಲಿ, ಆಹಾರ ಹೆಚ್ಚಾದ ತೊಟ್ಟಿಯಲ್ಲಿ ಕಾಣುತ್ತದೆ. ಕೊಳೆಯುವ ಪದಾರ್ಥವನ್ನು ತಿಂದು ಬೇರೆ ಬ್ಯಾಕ್ಟೀರಿಯಾಗಳು ನೀರಿನಲ್ಲೇ ಒಮ್ಮೆಲೇ ಹೆಚ್ಚಿದಾಗ ಹೀಗಾಗುತ್ತದೆ. ಇವು ಆಮ್ಲಜನಕವನ್ನೂ ಕಬಳಿಸುತ್ತವೆ. ಆಹಾರ ಕಡಿಮೆ ಮಾಡಿ, ಗಾಳಿ ಕೊಡಿ, ಪರೀಕ್ಷೆ ಮಾಡುತ್ತಿರಿ. ಕೆಲವು ದಿನಗಳಲ್ಲಿ ತಾನೇ ತಿಳಿಯಾಗುತ್ತದೆ.

ಹಸಿರು: ಇದು ಪಾಚಿಯ ಸೂಕ್ಷ್ಮ ಕಣಗಳದ್ದು. ಕಿಟಕಿಯ ಬಿಸಿಲು, ದಿನವಿಡೀ ಉರಿಯುವ ದೀಪ, ಹೆಚ್ಚಿದ ಗೊಬ್ಬರದ ಅಂಶ ಕಾರಣ. ದೀಪವನ್ನು 6ರಿಂದ 8 ಗಂಟೆಗೆ ಇಳಿಸಿ, ಬಿಸಿಲು ತಪ್ಪಿಸಿ.

ಚಹಾದಂಥ ಕಂದು: ಹೊಸದಾಗಿ ಇಟ್ಟ ಮರದ ಕೊರಡಿನಿಂದ ಬರುವ ಬಣ್ಣ. ಮೀನಿಗೆ ತೊಂದರೆಯಿಲ್ಲ.

ಕನ್ನಡಿಯಂತೆ ತಿಳಿನೀರು, ಆದರೂ ಮೀನು ಸಾಯುತ್ತಿದೆ: ನಮ್ಮನ್ನು ಹೆಚ್ಚು ಮೋಸಗೊಳಿಸುವುದು ಇದೇ. ಅಮೋನಿಯಾ, ನೈಟ್ರೈಟ್, ಕ್ಲೋರಿನ್, ಕೀಟನಾಶಕ ಯಾವುದಕ್ಕೂ ಬಣ್ಣವಿಲ್ಲ. ತಿಳಿಯಾದ ನೀರೆಲ್ಲ ಒಳ್ಳೆಯ ನೀರಲ್ಲ.

ನಗರದ ಮನೆಯ ಸಂಶಯಿತರು

ಮುಂಬಯಿಯಾಗಲಿ, ಪುಣೆ, ಚೆನ್ನೈ, ಹೈದರಾಬಾದ್ ಆಗಲಿ, ನಮ್ಮ ಫ್ಲ್ಯಾಟುಗಳಲ್ಲಿ ಕೆಲವು ಕಾರಣಗಳು ಮತ್ತೆ ಮತ್ತೆ ಎದುರಾಗುತ್ತವೆ.

ನಲ್ಲಿಯ ಕ್ಲೋರಿನ್. ಭಾರತೀಯ ಮಾನಕ ಬ್ಯೂರೋದ 2012ರ ನಿಯಮದಂತೆ ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ನಮಗೆ ಅದು ರಕ್ಷೆ. ಮೀನಿನ ಕಿವಿರಿಗೆ ಅದಕ್ಕಿಂತ ಕಡಿಮೆಯೂ ಬೆಂಕಿ. ಸೊಸೈಟಿಯ ಮೇಲಿನ ಟ್ಯಾಂಕನ್ನು ಬ್ಲೀಚಿಂಗ್ ಪುಡಿ ಹಾಕಿ ತೊಳೆದ ದಿನವಂತೂ ಕೇಳುವುದೇ ಬೇಡ. ನೋಟೀಸ್ ಬೋರ್ಡ್ ನೋಡಿಕೊಳ್ಳಿ, ಆ ಒಂದೆರಡು ದಿನ ನೀರು ಬದಲಿಸಬೇಡಿ. ಬಕೆಟ್ಟಿನಲ್ಲಿ ಏರ್ ಪಂಪಿನ ಕಲ್ಲು ಇಳಿಬಿಟ್ಟು 24 ಗಂಟೆ ಇಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಕ್ಲೋರಮಿನ್ ಬೆರೆತಿದ್ದರೆ ಮಾತ್ರ ಹಾಗೆ ಹೋಗದು. ಆತುರವಿದ್ದರೆ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕವನ್ನು ಶೀಶೆಯ ಮೇಲಿನ ಅಳತೆಯಂತೆ ಹಾಕಿ. ಫೋಟೋ ಸ್ಟುಡಿಯೋದವರು ಬಳಸುತ್ತಿದ್ದ "ಹೈಪೋ" ಇಂಥದ್ದೇ ವಸ್ತು.

ಟ್ಯಾಂಕರ್ ನೀರು. ಕೆರೆಯ ಮೆದುನೀರಿಗೆ ಒಗ್ಗಿದ ಮೀನಿಗೆ ಬೋರ್‌ವೆಲ್‌ನ ಗಡಸುನೀರು ಒಮ್ಮೆಲೇ ಬಂದರೆ ಪೆಟ್ಟು. ಬೇಸಿಗೆಯಲ್ಲಿ ಟ್ಯಾಂಕರ್ ಬಂದಾಗ ಸ್ವಲ್ಪ ಸ್ವಲ್ಪವೇ ಬೆರೆಸಿ.

ಸೊಳ್ಳೆ ಔಷಧ. ಸೊಳ್ಳೆಬತ್ತಿ, ಗೋಡೆಗೆ ಸಿಕ್ಕಿಸುವ ದ್ರವ, ಜಿರಳೆಗೆ ಹೊಡೆಯುವ ಸ್ಪ್ರೇ ಇವುಗಳಲ್ಲಿ ಸಾಮಾನ್ಯವಾಗಿರುವ ಪೈರೆಥ್ರಾಯ್ಡ್ ಎಂಬ ರಾಸಾಯನಿಕಗಳು ನಮಗೆ ಅಷ್ಟಾಗಿ ತಾಗದಿದ್ದರೂ ಮೀನಿಗೆ ಅತ್ಯಂತ ವಿಷಕಾರಿ. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ತುಂಬುತ್ತದೆಂಬುದನ್ನು ಮರೆಯಬೇಡಿ. ಪೆಸ್ಟ್ ಕಂಟ್ರೋಲಿನವರು ಬರುವ ದಿನ ತೊಟ್ಟಿಯನ್ನು ಮುಚ್ಚಿ, ಪಂಪನ್ನು ಆರಿಸಿ, ಸಾಧ್ಯವಾದರೆ ಮೀನುಗಳನ್ನು ಬೇರೆ ಕೋಣೆಗೆ ಸಾಗಿಸಿ.

ಕರೆಂಟ್ ಹೋದಾಗ. ನೀರು ಬಿಸಿಯಾದಷ್ಟೂ ಆಮ್ಲಜನಕ ಹಿಡಿಯುವುದು ಕಡಿಮೆ. 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಇದ್ದದ್ದು 30 ಡಿಗ್ರಿಯಲ್ಲಿ 7.6ಕ್ಕೆ ಇಳಿಯುತ್ತದೆ. ಮೇ ತಿಂಗಳ ರಾತ್ರಿ ಪಂಪ್ ನಿಂತರೆ ಬೆಳಗಿನ ಜಾವಕ್ಕೆ ಮೀನುಗಳು ಮೇಲೆ ಬರುವುದು ಇದರಿಂದಲೇ. ಬ್ಯಾಟರಿಯ ಪುಟ್ಟ ಏರ್ ಪಂಪೊಂದು ಮನೆಯಲ್ಲಿರಲಿ. ಮುಚ್ಚಿದ ಡಬ್ಬಿಯಂಥ ಫಿಲ್ಟರ್ ಗಂಟೆಗಟ್ಟಲೆ ನಿಂತಿದ್ದರೆ ಒಳಗಿನ ನೀರು ಕೊಳೆತಿರುತ್ತದೆ. ಆ ನೀರನ್ನು ಚೆಲ್ಲಿ, ಸ್ಪಂಜನ್ನು ತೊಟ್ಟಿಯ ನೀರಿನಲ್ಲಿ ಜಾಲಾಡಿಸಿ, ಆಮೇಲೆ ಚಾಲೂ ಮಾಡಿ.

ಪ್ರೀತಿಯ ಅತಿಥಿಗಳು. ಮನೆಗೆ ಬಂದ ಮಕ್ಕಳು ಚಪಾತಿ ಚೂರು, ಬಿಸ್ಕತ್ತು ಹಾಕುತ್ತಾರೆ. ಅತಿಯಾದರೆ ಅಮೃತವೂ ವಿಷ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಬೇಕು. ಉಳಿದದ್ದನ್ನು ಜಾಲರಿಯಿಂದ ತೆಗೆಯಬೇಕು.

ಹಳೆಯ ತೊಟ್ಟಿಯ ಒಳಗುಟ್ಟು

ಇನ್ನೊಂದು ಬಗೆ ಇದೆ. "ನಾವು ಒಂದು ವರ್ಷದಿಂದ ನೀರೇ ಬದಲಿಸಿಲ್ಲ, ಆರಿದಷ್ಟು ತುಂಬಿಸುತ್ತೇವೆ, ಮೀನು ಚೆನ್ನಾಗಿವೆ" ಎನ್ನುವವರಿದ್ದಾರೆ. ಬ್ಯಾಕ್ಟೀರಿಯಾಗಳು ಅಮೋನಿಯಾ ಅರಗಿಸುವಾಗ ನೀರಿನ ಕ್ಷಾರಶಕ್ತಿಯನ್ನು ಬಳಸಿಕೊಳ್ಳುತ್ತವೆ. ಅದು ಮುಗಿದಂತೆ ನೀರು ಹುಳಿಯಾಗುತ್ತದೆ, ಪಿ.ಎಚ್. 6ರ ಆಸುಪಾಸಿಗೆ ಇಳಿದರೆ ಬ್ಯಾಕ್ಟೀರಿಯಾಗಳ ಕೆಲಸವೇ ಬಹುತೇಕ ನಿಲ್ಲುತ್ತದೆ. ಅಮೋನಿಯಾ ಶೇಖರವಾಗುತ್ತದೆ, ಆದರೆ ಹುಳಿನೀರಿನಲ್ಲಿ ಅದು ನಿರುಪದ್ರವಿ ರೂಪದಲ್ಲಿ ಸುಮ್ಮನಿರುತ್ತದೆ. ಒಂದು ದಿನ ಯಾರಿಗೋ ಉತ್ಸಾಹ ಬಂದು ಅರ್ಧ ತೊಟ್ಟಿ ಹೊಸ ನೀರು ಹಾಕಿದರೋ, ಪಿ.ಎಚ್. ಏರಿ ಅಷ್ಟೂ ಒಮ್ಮೆಲೇ ವಿಷವಾಗುತ್ತದೆ. ನೀರು ಬದಲಿಸಿದ್ದರಿಂದಲೇ ಮೀನು ಸತ್ತಿತೆಂದು ಅವರು ಮುಂದೆ ನೀರೇ ಬದಲಿಸುವುದಿಲ್ಲ! ಇಂಥ ತೊಟ್ಟಿಗೆ ದಿನಕ್ಕೆ ಎರಡು ಮೂರು ಲೋಟದಂತೆ, ವಾರಗಳ ಕಾಲ ನಿಧಾನವಾಗಿ ಹೊಸ ನೀರು ಸೇರಿಸಿ ಸರಿಪಡಿಸಬೇಕು.

ಈ ತೂಕದ ವಿಷಯ ಇಂದಿನದಲ್ಲ. 1850ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ತನ್ನ ಪ್ರಯೋಗವನ್ನು ಅಲ್ಲಿನ ಕೆಮಿಕಲ್ ಸೊಸೈಟಿಗೆ ವರದಿ ಮಾಡಿದ. ಹನ್ನೆರಡು ಗ್ಯಾಲನ್ ಹಿಡಿಸುವ ಪಾತ್ರೆಯಲ್ಲಿ ಎರಡು ಗೋಲ್ಡ್‌ಫಿಶ್, ಜೊತೆಗೆ ವ್ಯಾಲಿಸ್ನೇರಿಯ ಎಂಬ ನೀರುಗಿಡ. ಮೊದಲು ಎಲ್ಲವೂ ಸರಿಯಿತ್ತು. ಆಮೇಲೆ ಉದುರಿದ ಎಲೆಗಳು ಕೊಳೆತು ನೀರು ಕದಡಿತು. ಅವನು ಕೊಳದ ಕೆಲವು ಬಸವನಹುಳುಗಳನ್ನು ಬಿಟ್ಟ, ಅವು ಕೊಳೆತ ಎಲೆ ತಿಂದು ನೀರನ್ನು ತಿಳಿಗೊಳಿಸಿದವು. ಬ್ಯಾಕ್ಟೀರಿಯಾಗಳ ಪಾತ್ರ ಅವನಿಗೆ ತಿಳಿದಿರಲಿಲ್ಲ. ಆದರೂ ನೀರು ಕೆಟ್ಟಾಗ ಎಲ್ಲವನ್ನೂ ಚೆಲ್ಲುವ ಬದಲು, ಕಡಿಮೆಯಾಗಿರುವ ಜೀವ ಯಾವುದೆಂದು ಅವನು ಯೋಚಿಸಿದ.

ಊರಿಗೆ ಹೊರಡುವ ಮುನ್ನ

ಮೇ ತಿಂಗಳಲ್ಲಿ, ದೀಪಾವಳಿಯಲ್ಲಿ ನಾವೆಲ್ಲ ಊರಿಗೆ ಹೊರಡುವವರು. ಹೊರಡುವ ಹಿಂದಿನ ದಿನ ತೊಟ್ಟಿ ತೊಳೆಯಬೇಡಿ, ಮೂರು ನಾಲ್ಕು ದಿನ ಮೊದಲೇ ಸ್ವಲ್ಪ ನೀರು ಬದಲಿಸಿ. "ಹತ್ತು ದಿನ ಇರುವುದಿಲ್ಲವಲ್ಲ" ಎಂದು ಮರುಗಿ ಒಂದು ಮುಷ್ಟಿ ಕಾಳು ಸುರಿಯಬೇಡಿ. ಪಕ್ಕದ ಮನೆಯವರಿಗೆ ಡಬ್ಬಿಯನ್ನೇ ಕೊಡಬೇಡಿ, ಎರಡು ದಿನಕ್ಕೊಂದರಂತೆ ಸಣ್ಣ ಪೊಟ್ಟಣ ಕಟ್ಟಿಡಿ. ಉಳಿದ ದಿನಗಳಲ್ಲಿ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದರೆ ಸಾಕು. ಸ್ಪಂಜು ಕಟ್ಟಿಕೊಂಡಾಗ ಹೊರತೆಗೆದ ಅದೇ ಹಳೆಯ ನೀರಿನಲ್ಲಿ ಒಂದೆರಡು ಸಲ ಹಿಂಡಿ, ಹಾಗೇ ವಾಪಸು ಇಡಿ. ಕಂದಾಗಿಯೇ ಇರಲಿ.

ಹೊಸದಾಗಿ ತೊಟ್ಟಿ ಇಡುವವರಿಗೆ ಒಂದು ಮಾತು. ಮೊದಲ ದಿನವೇ ಹತ್ತು ಮೀನು ತರಬೇಡಿ. ಆರೋಗ್ಯದ ತೊಟ್ಟಿಯಿರುವ ಗೆಳೆಯರ ಮನೆಯಿಂದ ಬಳಸಿದ ಸ್ಪಂಜಿನ ಒಂದು ತುಂಡನ್ನು ಕೇಳಿ, ಅವರ ತೊಟ್ಟಿಯ ನೀರಿನಲ್ಲೇ ಮುಳುಗಿಸಿ ತಂದು ನಿಮ್ಮ ಫಿಲ್ಟರಿನಲ್ಲಿಡಿ. ಒಂದೆರಡು ಮೀನುಗಳಿಂದ ಆರಂಭಿಸಿ. ನಮ್ಮ ಅಜ್ಜಿಯರು ಬಾಗಿಲಿಂದ ಬಾಗಿಲಿಗೆ ಹೆಪ್ಪು ಹಂಚಿಕೊಂಡದ್ದೂ ಹೀಗೆಯೇ.

ನನ್ನ ಮಗಳಿಗೆ ನಿಜ ಹೇಳಲು ನನಗೆ ಎರಡು ವಾರ ಬೇಕಾಯಿತು. "ಪುಟ್ಟಾ, ತಪ್ಪು ನಿನ್ನದಲ್ಲ, ನನ್ನದು. ನಾನು ಹೆಪ್ಪು ತೊಳೆದುಬಿಟ್ಟೆ" ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಮತ್ತೆ ಮೀನು ತರೋಣ, ಆದರೆ ನೀನು ತೊಳೆಯಬಾರದು" ಎಂದಳು. ಈಗ ಅವಳು ಪುಣೆಯಲ್ಲಿ ಕೆಲಸದಲ್ಲಿದ್ದಾಳೆ. ಬಾಡಿಗೆ ಕೋಣೆಯಲ್ಲಿ ಒಂದು ಪುಟ್ಟ ತೊಟ್ಟಿ ಇಟ್ಟಿದ್ದಾಳೆ. ಅದಕ್ಕೆ ಹಾಕಿದ ಸ್ಪಂಜು ನಮ್ಮ ಮನೆಯದು, ಒಂದು ಡಬ್ಬಿ ನೀರಿನಲ್ಲಿ ಮುಳುಗಿಸಿ, ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಒಯ್ದಳು. ಜೊತೆಗೆ ಅಜ್ಜಿ ಕೊಟ್ಟ ಮೊಸರಿನ ಹೆಪ್ಪಿನ ಡಬ್ಬಿಯೂ ಇತ್ತು.

ನಿಮ್ಮ ತೊಟ್ಟಿಯ ನೀರು ಕದಡಿದ ದಿನ ಗಾಬರಿಯಾಗಬೇಡಿ. ಒಂದು ಬಕೆಟ್ ನೀರು ಬದಲಿಸಿ, ಕಾರಣ ಹುಡುಕಿ. ಸ್ಪಂಜನ್ನು ನಲ್ಲಿಯ ಕೆಳಗೆ ಮಾತ್ರ ಹಿಡಿಯಬೇಡಿ.